ಅನಿಹ್ನವ: ಒಂದು ಕಿರುಹೊತ್ತಗೆ ಉಳಿದ ಬಗೆ

ಜ್ಞಾನಾಚಾರದ ಎಂಟು ಅಂಗಗಳಲ್ಲಿ ಅನಿಹ್ನವವೂ ಒಂದು. ಯಾವ ಗುರುವಿನಿಂದ, ಯಾವ ಗ್ರಂಥದಿಂದ ಅರಿವು ಒದಗಿತೋ ಅದರ ಹೆಸರನ್ನು ಮರೆಮಾಚದಿರುವುದೇ ಅನಿಹ್ನವ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಜ್ಞಾನ-ದರ್ಶನಾವರಣ ಕರ್ಮಗಳ ಆಸ್ರವಕ್ಕೆ ಕಾರಣಗಳನ್ನು ಎಣಿಸುವಾಗ ನಿಹ್ನವವನ್ನೂ, ಕೊಡಬೇಕಾದ ಅರಿವನ್ನು ಕೊಡದಿರುವ ಮಾತ್ಸರ್ಯವನ್ನೂ ಸೇರಿಸಿದ್ದಾರೆ. ಈ ಗುಣದೋಷಗಳು ವ್ಯಕ್ತಿಯ ಆತ್ಮಹಿತಕ್ಕೆ ಮಾತ್ರ ಸಂಬಂಧಿಸಿದವಲ್ಲ. ಗ್ರಂಥಗಳ ಅಳಿವು ಉಳಿವುಗಳೂ ಇವನ್ನೇ ಅವಲಂಬಿಸಿವೆ. ಇದಕ್ಕೆ ನಮ್ಮ ಪರಂಪರೆಯ ಪರಿಚಯವಿಲ್ಲದ ದೂರದೇಶದಲ್ಲಿ ನಡೆದ ಒಂದು ವೃತ್ತಾಂತವನ್ನು ನಿದರ್ಶನವಾಗಿ ನೋಡಬಹುದು.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಪಟ್ಟಣದ ಸಮೀಪದಲ್ಲಿರುವ ಸ್ನೈಂಟನ್ ಎಂಬಲ್ಲಿ ಜಾರ್ಜ್ ಗ್ರೀನ್ (1793–1841) ಎಂಬವನಿದ್ದನು. ತಂದೆ ರೊಟ್ಟಿಯ ವ್ಯಾಪಾರಿ, ಗಾಳಿಗಿರಣಿಯ ಒಡೆಯ. ಬಾಲ್ಯದಲ್ಲಿ ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚಿನ ಶಾಲಾಶಿಕ್ಷಣವಷ್ಟೇ ದೊರೆತ ಮಗನು ಗಿರಣಿಯಲ್ಲಿ ದುಡಿಯುತ್ತಲೇ ಗಣಿತವನ್ನು ಸ್ವಂತವಾಗಿ ಅಭ್ಯಾಸ ಮಾಡಿದನು. 1828ರಲ್ಲಿ ವಿದ್ಯುತ್ತು ಮತ್ತು ಕಾಂತತ್ವದ ಸಿದ್ಧಾಂತಗಳಿಗೆ ಗಣಿತವನ್ನು ಅನ್ವಯಿಸುವ ಪ್ರಬಂಧವೊಂದನ್ನು ರಚಿಸಿ, ತನ್ನ ಹೊಣೆಯಲ್ಲೇ ನಾಟಿಂಗ್‌ಹ್ಯಾಮಿನಲ್ಲಿ ಅಚ್ಚು ಹಾಕಿಸಿದನು. ಸುಮಾರು 80 ಪುಟಗಳ ಹೊತ್ತಗೆ. ಬೆಲೆ ಏಳೂವರೆ ಷಿಲಿಂಗ್. ಮುಂಗಡವಾಗಿ ಹೆಸರು ಬರೆಸಿದ ಚಂದಾದಾರರು ಸುಮಾರು ಐವತ್ತು ಮಂದಿ. ಅವರಲ್ಲಿ ಹೆಚ್ಚಿನವರು ಆ ಊರಿನ ಗ್ರಂಥಾಲಯದ ಸದಸ್ಯರು. ಗ್ರಂಥದ ವಿಷಯವನ್ನು ಗ್ರಹಿಸಬಲ್ಲವರು ಅತಿ ವಿರಳ. ಅವರಲ್ಲೊಬ್ಬರಾದ ಸರ್ ಎಡ್ವರ್ಡ್ ಬ್ರಾಮ್‌ಹೆಡ್ ಅವರ ನೆರವಿನಿಂದ ಗ್ರೀನ್ 1833ರಲ್ಲಿ, ತನ್ನ ನಲವತ್ತನೆಯ ವಯಸ್ಸಿನಲ್ಲಿ, ಕೇಂಬ್ರಿಡ್ಜ್ ಸೇರಿದನು. 1841ರಲ್ಲಿ ಅವನು ತೀರಿಕೊಂಡಾಗ ಆ ಪ್ರಥಮ ಪ್ರಬಂಧವನ್ನು ವಿದ್ವತ್ಪ್ರಪಂಚ ಹೆಚ್ಚುಕಡಿಮೆ ಅರಿತೇ ಇರಲಿಲ್ಲ.

ಅದೇ ವರ್ಷ ವಿಲಿಯಂ ಥಾಮ್ಸನ್ ಎಂಬ ತರುಣ ವಿದ್ಯಾರ್ಥಿಯಾಗಿ ಕೇಂಬ್ರಿಡ್ಜಿಗೆ ಬಂದನು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಲೋಕಪ್ರಸಿದ್ಧನಾದವನು ಇವನೇ. ರಾಬರ್ಟ್ ಮರ್ಫಿ ಎಂಬ ಗಣಿತಜ್ಞನ ಲೇಖನವೊಂದರಲ್ಲಿ ಗ್ರೀನನ ಪ್ರಬಂಧದ ಉಲ್ಲೇಖ ಅವನ ಕಣ್ಣಿಗೆ ಬಿತ್ತು. ಪುಸ್ತಕದಂಗಡಿಗಳಲ್ಲಿ ವಿಚಾರಿಸಿದನು, ದೊರೆಯಲಿಲ್ಲ. 1845ರ ಜನವರಿಯಲ್ಲಿ, ಫ್ರಾನ್ಸಿಗೆ ಹೊರಡುವ ಮುನ್ನ ತನ್ನ ಬೋಧಕರಾದ ವಿಲಿಯಂ ಹಾಪ್ಕಿನ್ಸ್ ಅವರೊಡನೆ ಮಾತಿನ ನಡುವೆ ಈ ವಿಷಯವನ್ನು ಪ್ರಸ್ತಾಪಿಸಿದನು. ಹಾಪ್ಕಿನ್ಸ್ ತಮ್ಮ ಕೊಠಡಿಗೆ ಕರೆದೊಯ್ದು, ತಮ್ಮಲ್ಲೇ ಇದ್ದ ಪ್ರತಿಗಳನ್ನು ತೆಗೆದು ಕೊಟ್ಟರು. ಊರೆಲ್ಲ ಹುಡುಕಿದ ಗ್ರಂಥ ಗುರುವಿನ ಮನೆಯ ಕಪಾಟಿನಲ್ಲಿಯೇ ಇದ್ದಿತು! ಹಾಪ್ಕಿನ್ಸ್ ಅವರದು ಮಾತ್ಸರ್ಯವಲ್ಲ, ಕೇಳಿದೊಡನೆ ಕೊಟ್ಟರು. ಆದರೆ ಇದೆಯೆಂದು ಯಾರಿಗೂ ತಿಳಿಯದ ಗ್ರಂಥಕ್ಕೂ ಇಲ್ಲದ ಗ್ರಂಥಕ್ಕೂ ಅಂತರ ಅತ್ಯಲ್ಪ.

ಇಲ್ಲಿಂದ ಮುಂದಿನದು ನೀತಿಯ ದೃಷ್ಟಿಯಿಂದ ಮುಖ್ಯವಾದುದು. ಆ ಹೊತ್ತಗೆಯಲ್ಲಿದ್ದ ಪ್ರಮೇಯಗಳಲ್ಲಿ ಕೆಲವನ್ನು ಥಾಮ್ಸನ್ ತಾನೇ ಸ್ವತಂತ್ರವಾಗಿ ಕಂಡುಕೊಂಡು ಪ್ರಕಟಿಸಿದ್ದನು. ಜರ್ಮನಿಯ ಗೌಸ್, ಫ್ರಾನ್ಸಿನ ಷಾಲ್ ಅವರೂ ಅಂಥವನ್ನು ನಿರೂಪಿಸಿದ್ದರು. ಇವರೆಲ್ಲರಿಗಿಂತ ಮೊದಲೇ, 1828ರಲ್ಲಿಯೇ, ಗಿರಣಿಯ ಗ್ರೀನ್ ಅವನ್ನು ಸಾಧಿಸಿದ್ದನೆಂಬುದು ಪುಟ ತಿರುವಿದಂತೆ ಥಾಮ್ಸನ್ನನಿಗೆ ವಿದಿತವಾಯಿತು. ಗ್ರಂಥಕರ್ತೃ ಬದುಕಿರಲಿಲ್ಲ, ಪ್ರತಿಗಳು ದುರ್ಲಭ. ಮೌನವಾಗಿದ್ದರೆ ಪ್ರಶ್ನಿಸುವವರು ಬಹುಶಃ ಯಾರೂ ಇರುತ್ತಿರಲಿಲ್ಲ. ಇಪ್ಪತ್ತರ ಹರೆಯದ ಥಾಮ್ಸನ್ ಅಂತಹ ಮೌನವನ್ನು ಆರಿಸಿಕೊಳ್ಳಲಿಲ್ಲ. ಪ್ಯಾರಿಸ್ಸಿನಲ್ಲಿ ಲಿಯೂವಿಲ್ ಮತ್ತು ಸ್ಟರ್ಮ್ ಎಂಬ ಹಿರಿಯ ಗಣಿತಜ್ಞರಿಗೆ ಆ ಪ್ರಬಂಧವನ್ನು ತೋರಿಸಿದನು. ತನ್ನದೆಂದು ಭಾವಿಸಿದ್ದ ಫಲವೊಂದು ಅದರಲ್ಲಿರುವುದನ್ನು ಸ್ಟರ್ಮ್ ಕಂಡನು. ಅವನೂ ಅದನ್ನು ಬಚ್ಚಿಡದೆ ಒಪ್ಪಿಕೊಂಡನು. ಬಳಿಕ ಥಾಮ್ಸನ್ನನ ಪ್ರಯತ್ನದಿಂದ ಬರ್ಲಿನ್ನಿನ ಕ್ರೆಲ್ಲೆಯ ಪತ್ರಿಕೆಯಲ್ಲಿ 1850, 1852 ಮತ್ತು 1854ರಲ್ಲಿ ಮೂರು ಭಾಗಗಳಾಗಿ ಪ್ರಬಂಧ ಪುನರ್ಮುದ್ರಣಗೊಂಡಿತು. 1871ರಲ್ಲಿ ಗ್ರೀನನ ಲೇಖನಗಳೆಲ್ಲ ಒಂದೇ ಸಂಪುಟವಾಗಿ ಬಂದವು. ಇಂದು ಭೌತಶಾಸ್ತ್ರದ ವಿದ್ಯಾರ್ಥಿಗಳು ಅಭ್ಯಸಿಸುವ ಗ್ರೀನನ ಪ್ರಮೇಯಕ್ಕೂ ಗ್ರೀನನ ಫಲನಕ್ಕೂ ಮೂಲ ಆ ಹೊತ್ತಗೆಯೇ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಕೆಲ್ವಿನ್ನನ ಸಮಾಧಿಯಿದೆ. 1993ರಲ್ಲಿ ಅಲ್ಲಿಯೇ ಗ್ರೀನನ ಸ್ಮಾರಕಫಲಕವೂ ಸ್ಥಾಪಿತವಾಯಿತು. ಪರರ ಹೆಸರನ್ನು ಎತ್ತಿ ಹೇಳಿದ್ದರಿಂದ ಕೆಲ್ವಿನ್ನನ ಕೀರ್ತಿಗೆ ಕಿಂಚಿತ್ತೂ ಕುಂದುಂಟಾಗಲಿಲ್ಲ.

ಶಾಸ್ತ್ರದಾನವು ನಮ್ಮ ಚತುರ್ವಿಧ ದಾನಗಳಲ್ಲಿ ಒಂದು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಕನ್ನಡಿಗರೆಲ್ಲರೂ ಬಲ್ಲ ಸಂಗತಿ. ಆ ಮಹಾಸಾಧ್ವಿಗೆ ಗ್ರಂಥರಕ್ಷಣೆಯ ಮರ್ಮ ತಿಳಿದಿತ್ತು: ಪ್ರತಿಗಳು ಹಲವು ಕೈಗಳಲ್ಲಿ, ಹಲವು ಎಡೆಗಳಲ್ಲಿ ಇರಬೇಕು. ಇಂದು ಪಂಚಕಲ್ಯಾಣ, ವ್ರತೋದ್ಯಾಪನೆ, ಹಿರಿಯರ ಪುಣ್ಯಸ್ಮರಣೆಗಳ ನಿಮಿತ್ತ ಎಷ್ಟೋ ಕಿರುಹೊತ್ತಗೆಗಳು ಖಾಸಗಿಯಾಗಿ ಅಚ್ಚಾಗುತ್ತವೆ. ಬಸದಿಯ ಇತಿಹಾಸ, ಶಾಸನಪಾಠ, ಅಪೂರ್ವ ಸ್ತೋತ್ರಗಳು ಅವುಗಳಲ್ಲಿರುತ್ತವೆ. ಅವು ಮಾರಾಟಕ್ಕೆ ಬರುವುದಿಲ್ಲ, ಗ್ರಂಥಾಲಯಗಳನ್ನೂ ಸೇರುವುದಿಲ್ಲ. ಮುದ್ರಣವಾದ ಮಾತ್ರಕ್ಕೆ ಗ್ರಂಥ ಉಳಿಯಿತೆಂದು ಭಾವಿಸುವುದು ಭ್ರಮೆ.

ಆದುದರಿಂದ ಪ್ರತಿಯೊಂದು ಬಸದಿಯ ಟ್ರಸ್ಟು ತನ್ನ ಕಪಾಟನ್ನು ತೆರೆದು, ಅಲ್ಲಿರುವ ಇಂತಹ ಹೊತ್ತಗೆಗಳ ಹೆಸರು, ಕರ್ತೃ, ಮುದ್ರಣಾಲಯ, ವರ್ಷಗಳನ್ನು ಪಟ್ಟಿ ಮಾಡುವುದು ಉಚಿತ. ಮೊದಲ ಪುಟಗಳ ದಾನಿಗಳ ಹೆಸರುಗಳನ್ನೂ ಬರೆದಿಡಬೇಕು. ಬೇರೆ ಪ್ರತಿಗಳು ಯಾವ ಮನೆಗಳಲ್ಲಿರಬಹುದೆಂಬುದಕ್ಕೆ ಆ ಹೆಸರುಗಳೇ ದಾರಿತೋರುಗ. ಹೆಚ್ಚುವರಿ ಪ್ರತಿಯಿದ್ದರೆ ಶ್ರವಣಬೆಳಗೊಳ, ಮೂಡುಬಿದಿರೆಗಳ ಶೋಧಸಂಸ್ಥೆಗಳಿಗೆ ಕಳುಹಿಸಬೇಕು. ಪುನರ್ಮುದ್ರಣ ಮಾಡುವವರು ಮೂಲ ಸಂಪಾದಕರ ಹೆಸರನ್ನೂ, ಯಾರ ಮನೆಯ ಪ್ರತಿಯಿಂದ ಪಾಠ ದೊರೆಯಿತೆಂಬುದನ್ನೂ ತಪ್ಪದೆ ನಮೂದಿಸಬೇಕು. ಹೊಸ ದಾನಿಯ ಭಾವಚಿತ್ರಕ್ಕೆ ಪುಟವೊಂದನ್ನು ಮೀಸಲಿಟ್ಟು ಹಳೆಯ ವಿದ್ವಾಂಸರ ಹೆಸರನ್ನು ಕೈಬಿಡುವುದು ನಿಹ್ನವವೇ ಸರಿ; ಪುಣ್ಯದ ಉದ್ದೇಶದಿಂದ ಮಾಡಿದ ಕಾರ್ಯ ಜ್ಞಾನಾವರಣಕ್ಕೆ ಕಾರಣವಾಗಬಾರದು. ಕೊಡುವುದು ದಾನದ ಒಂದು ಭಾಗ. ಪಡೆದುದು ಎಲ್ಲಿಂದ ಎಂದು ಹೇಳುವುದು ಅದರ ಇನ್ನೊಂದು ಭಾಗ.