ಎರೆಯ ಜೋಳ, ಪೇಟೆಯ ಖಾರ: ಗದಗ ಸೀಮೆಯ ಊಟದ ಚರಿತ್ರೆ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ಊಟಕ್ಕೆ ಬುನಾದಿ ಹಾಕಿದ್ದು ಮಣ್ಣು. ಗದಗಿನ ಸುತ್ತಲಿನ ಎರೆಭೂಮಿಯಲ್ಲಿ ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿ, ಗೋಧಿ ಬರುತ್ತವೆ. ಕಪ್ಪತಗುಡ್ಡದ ಆಸುಪಾಸಿನ ಮಸಾರಿ ಹೊಲಗಳದ್ದು ಸಜ್ಜೆ, ನವಣೆ, ಶೇಂಗಾ. ಭತ್ತ ಬೆಳೆಯುವಷ್ಟು ನೀರು ತುಂಗಭದ್ರೆಯ ದಂಡೆಗೆ ಮತ್ತು ಡಂಬಳದಂಥ ದೊಡ್ಡ ಕೆರೆಗಳ ಕೆಳಗೆ ಮಾತ್ರ ಇತ್ತು. ಹೀಗಾಗಿ ಬಹುಕಾಲ ಇಲ್ಲಿ ಅನ್ನವೆಂದರೆ ಹಬ್ಬದ ಮಾತು. ದಿನದ ಮಾತು ರೊಟ್ಟಿ, ನುಚ್ಚು, ಕಾಳಿನ ಪಲ್ಯ, ಹಿಂಡಿ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವಾಗ ಬುಟ್ಟಿಯಲ್ಲಿರುವುದು ಈ ಬೆಳೆಗಳೇ: ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಕಡುಬು.

ಇದು ಹೊಲದ ಊಟ. ಪೇಟೆಯ ಊಟದ ಕಥೆ ಬೇರೆ, ಅದೂ ಹಳೆಯದೇ. ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ಪಂಪ ತನ್ನ ಕಾವ್ಯಕ್ಕೆ ಆರಿಸಿಕೊಂಡದ್ದು ಆ ಊರಿನ ತಿರುಳುಗನ್ನಡವನ್ನು. ಜೈನ ಬಸದಿ, ಸೋಮೇಶ್ವರ ದೇವಾಲಯ, ಮುಂದೆ ದರ್ಗಾ, ಹೀಗೆ ಒಂದೇ ಊರಿನಲ್ಲಿ ಹಲವು ಅಡುಗೆಮನೆಗಳು ಹೊಗೆಯಾಡಿದವು. ಮುಂಡರಗಿ ತಾಲ್ಲೂಕಿನ ಡಂಬಳ ಅಂದು ಧರ್ಮವೊಳಲ್ ಎಂಬ ವರ್ತಕರ ಪಟ್ಟಣ. ಅಲ್ಲಿನ ಹದಿನಾರು ಮಂದಿ ಸೆಟ್ಟಿಗಳು ಬೌದ್ಧ ವಿಹಾರ ಕಟ್ಟಿಸಿದ್ದನ್ನು 1095ರ ಶಾಸನ ಹೇಳುತ್ತದೆ. ಬೌದ್ಧ, ಜೈನ, ಶೈವ ಎಲ್ಲವೂ ಪೋಷಣೆ ಪಡೆದ ಪೇಟೆಯಲ್ಲಿ ಒಬ್ಬರು ಉಣ್ಣುವುದನ್ನು ಇನ್ನೊಬ್ಬರು ಬಿಟ್ಟಿರುತ್ತಿದ್ದರು. ಜೈನರಿಗೆ ಸೂರ್ಯಾಸ್ತದ ಬಳಿಕ ಊಟವಿಲ್ಲ, ಗಡ್ಡೆ ಸಲ್ಲದು. ಉಳಿದವರಿಗೆ ಆ ಕಟ್ಟಿಲ್ಲ.

ಅಡುಗೆಯನ್ನು ಬರೆದು ಕಲಿಸುವ ಪದ್ಧತಿಯೂ ಕನ್ನಡಕ್ಕೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ, 1025ರ ಹೊತ್ತಿಗೆ, ಎರಡನೆಯ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರಕ್ಕೆ ಒಂದು ಭಾಗವಿದೆ. ಹದಿನಾರನೆಯ ಶತಮಾನದ ಮೊದಲಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವೆಂಬ ಗ್ರಂಥವನ್ನೇ ಬರೆದ, ಬದನೆಕಾಯಿಯ ಅಡುಗೆಗಳನ್ನು ಅವನು ವಿಸ್ತಾರವಾಗಿ ಹೇಳುತ್ತಾನೆ. ಬದನೆಕಾಯಿ ಭಜಿಗೆ ಹೆಸರಾದ ಇಂದಿನ ಗದಗಿಗೆ ಮಂಗರಸನ ನೇರ ನಂಟೇನೂ ಇಲ್ಲ, ಆದರೆ ಈ ಕಾಯಿಯ ಮೇಲಿನ ಕನ್ನಡಿಗರ ವ್ಯಾಮೋಹ ಎಷ್ಟು ಹಳೆಯದೆಂಬುದು ಇದರಿಂದ ಗೊತ್ತಾಗುತ್ತದೆ. ಈ ಗ್ರಂಥಗಳಲ್ಲಿ ಖಾರಕ್ಕೆ ಇರುವುದು ಮೆಣಸು, ಶುಂಠಿ. ಈಗ ಉತ್ತರ ಕರ್ನಾಟಕದ ಗುರುತೇ ಆಗಿರುವ ಮೆಣಸಿನಕಾಯಿ ಅಮೆರಿಕ ಖಂಡದ್ದು, ಆಗಿನ್ನೂ ಇಲ್ಲಿನ ಅಡುಗೆಗೆ ಸೇರಿರಲಿಲ್ಲ. ಪೋರ್ಚುಗೀಸರ ಹಡಗುಗಳು ಬಂದ ಮೇಲೆ ಅದು ಪಶ್ಚಿಮ ಕರಾವಳಿಗೆ ಇಳಿದು ಘಟ್ಟ ಹತ್ತಿತು. ಶೇಂಗಾ ಕೂಡ ಅದೇ ಖಂಡದ ಬೆಳೆ. ಹಾಗಾಗಿ ರಂಜಕ, ಕೆಂಪಖಾರ, ಶೇಂಗಾ ಹಿಂಡಿಗಳನ್ನು ‘ಪುರಾತನ’ ಎನ್ನುವ ಮಾತಿಗೆ ಆಧಾರವಿಲ್ಲ. ಅವು ಇಲ್ಲಿನವೇ, ಆದರೆ ಪುಲಿಗೆರೆಯ ಕಾಲದವಲ್ಲ.

ಈ ಸೀಮೆಯನ್ನು ಒಂದೇ ಆಡಳಿತ ಆಳಲಿಲ್ಲ ಎಂಬುದೂ ಊಟದ ಮೇಲೆ ಗುರುತು ಬಿಟ್ಟಿದೆ. ಬ್ರಿಟಿಷರ ಕಾಲದಲ್ಲಿ ಗದಗ, ಮುಂಡರಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದವು. ಮುಂಡರಗಿಯಿಂದ ಹೊಳೆ ದಾಟಿದರೆ ಹೂವಿನಹಡಗಲಿ, ಅದು ಮದ್ರಾಸ್ ಪ್ರಾಂತ. ಮೂಡಲಿಗೆ ನಡೆದರೆ ಕೊಪ್ಪಳ, ಅದು ನಿಜಾಮರ ಹೈದರಾಬಾದ್. ಸಂಸ್ಥಾನದ ಮರಾಠಿ ಕಾರಕೂನರ ಮನೆಗಳ ಝುಣಕ, ಪೋಹೆ, ಶಿರಾ ಇಲ್ಲಿನ ಅವಲಕ್ಕಿ, ಸಜ್ಜಕಗಳ ಪಕ್ಕದಲ್ಲಿ ಜಾಗ ಹಿಡಿದವು. ಝುಣಕ ಈಗ ಎಷ್ಟು ಒಗ್ಗಿದೆಯೆಂದರೆ ಜೋಳದ ರೊಟ್ಟಿಯ ಜತೆ ಅದಿಲ್ಲದ ಖಾನಾವಳಿ ಹುಡುಕಿದರೂ ಸಿಗುವುದು ಕಷ್ಟ.

ಬದಲಾವಣೆಗೆ ವೇಗ ಕೊಟ್ಟದ್ದು ರೈಲು. 1876-78ರ ಘೋರ ಬರದ ಬಳಿಕ ಸದರ್ನ್ ಮರಾಠಾ ರೈಲ್ವೆ ಹಾಕಿದ ಹಳಿಗಳು 1880ರ ದಶಕದಲ್ಲಿ ಗದಗನ್ನು ಸೊಲ್ಲಾಪುರದ ಕಡೆಯ ಹೋಟಗಿ, ಹುಬ್ಬಳ್ಳಿ ಮತ್ತು ಬಳ್ಳಾರಿಗೆ ಜೋಡಿಸಿದವು. ಹತ್ತಿಯ ಪೇಟೆ ಬೆಳೆಯಿತು, ಜಿನ್ನಿಂಗ್ ಕಾರ್ಖಾನೆಗಳು ಎದ್ದವು. ವ್ಯಾಪಾರಿಗಳು, ದಲಾಲರು, ಹಮಾಲರು ಊರು ಬಿಟ್ಟು ಬಂದು ಇಲ್ಲಿ ಉಣ್ಣಬೇಕಾಯಿತು. ಖಾನಾವಳಿ ಹುಟ್ಟಿದ್ದು ಈ ಅಗತ್ಯದಿಂದ. ‘ಲಿಂಗಾಯತ ಖಾನಾವಳಿ’, ‘ಬ್ರಾಹ್ಮಣರ ಫಲಾಹಾರ ಮಂದಿರ’, ‘ಸಾವಜಿ ಖಾನಾವಳಿ’ ಎಂದು ಬೋರ್ಡಿನಲ್ಲೇ ಜಾತಿ ಬರೆದಿರುತ್ತಿತ್ತು. ಎಲ್ಲಿ ಉಂಡರೆ ಮೈಲಿಗೆಯಿಲ್ಲ ಎಂದು ಗಿರಾಕಿಗೆ ಅದು ಹೇಳುತ್ತಿತ್ತು. ವಿಚಿತ್ರವೆಂದರೆ, ಜಾತಿ ಕಾಯಲು ಹಾಕಿದ ಅದೇ ಬೋರ್ಡು ಕಾಲ ಕಳೆದಂತೆ ರುಚಿಯ ಗುರುತಾಯಿತು. ಇಂದು ಲಿಂಗಾಯತ ಖಾನಾವಳಿ ಎಂದರೆ ಶಾಕಾಹಾರದ ರೊಟ್ಟಿ ಊಟ. ಒಳಗೆ ಕುಳಿತವರ ಜಾತಿ ಯಾರೂ ಕೇಳುವುದಿಲ್ಲ.

ಬೆಟಗೇರಿಯ ಸಾವಜಿ ಅಡುಗೆಗೆ ಇಲ್ಲಿ ಬೇರೆಯೇ ಜಾಗವಿದೆ. ನೇಯ್ಗೆಗೆ ಹೆಸರಾದ ಈ ಊರಿನಲ್ಲಿ ನೆಲೆನಿಂತ ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯರು, ಅಂದರೆ ಪಟ್ಟೇಗಾರರು, ಮನೆಯೊಳಗೆ ತಮ್ಮದೇ ಮಾತು ಆಡುವ, ಮಾಂಸದ ಅಡುಗೆಯಲ್ಲಿ ನುರಿತ ಸಮುದಾಯ. ಒಣಕೊಬ್ಬರಿ, ಗಸಗಸೆ, ಮಸಾಲೆಗಳನ್ನು ಹುರಿದು ಅರೆದ ಕೆಂಪು ಸಾರು, ಖೈಮಾ ಉಂಡೆ ಅವರ ಹೆಗ್ಗಳಿಕೆ. ಮೇಲೆ ತೇಲುವ ಎಣ್ಣೆ ಕಂಡು ಹೊಸಬರು ಹಿಂಜರಿಯುವುದುಂಟು, ಜೋಳದ ರೊಟ್ಟಿಗೆ ಅದು ಸರಿಹೊಂದುತ್ತದೆ. ಹುಬ್ಬಳ್ಳಿ-ಗದಗ ಭಾಗದಲ್ಲಿ ಮನೆಯಲ್ಲಿ ಮಾಂಸ ಬೇಯಿಸದ ಎಷ್ಟೋ ಮಂದಿ ಅದರ ರುಚಿ ಕಂಡದ್ದು ಸಾವಜಿ ಖಾನಾವಳಿಯಲ್ಲೇ.

ಸಂಜೆಯ ತಿನಿಸಿಗೆ ಜಾತಿಯ ಬೋರ್ಡು ಎಂದೂ ಬೇಕಾಗಲಿಲ್ಲ. ಉಳ್ಳಾಗಡ್ಡಿ, ಹುಣಸೆಹುಳಿ, ಹಸಿಮೆಣಸಿನಕಾಯಿಯ ಒಗ್ಗರಣೆಗೆ ಮಂಡಕ್ಕಿ ಬೆರೆಸಿ, ಪುಟಾಣಿ ಹಿಟ್ಟು ಉದುರಿಸಿದರೆ ಗಿರಮಿಟ್ಟು. ಪಕ್ಕಕ್ಕೆ ಮಿರ್ಚಿ, ಗದಗಿನಲ್ಲಾದರೆ ಬದನೆಕಾಯಿ ಭಜಿ. ಕಾದ ಮರಳಿನಲ್ಲಿ ಮಂಡಕ್ಕಿ ಹುರಿಯುವ ಭಟ್ಟಿಯ ಕೆಲಸ ಹೆಚ್ಚಾಗಿ ಮುಸ್ಲಿಂ ಕುಟುಂಬಗಳದು. ಕೊಡುವವರು, ಕೊಳ್ಳುವವರು ಯಾರೆಂಬ ಲೆಕ್ಕ ಗಾಡಿಯ ಮುಂದೆ ನಿಲ್ಲುವುದಿಲ್ಲ. ಮೊಹರಮ್ಮಿನಲ್ಲಿ ಗೋಧಿಹಿಟ್ಟು, ಬೆಲ್ಲದ ಚೋಂಗೆ ಹಿಂದೂ ಮನೆಗಳಲ್ಲೂ ಆಗುತ್ತದೆ, ಅಲಾವಿಯ ದೇವರಿಗೆ ಎಡೆಯಾಗಿ ಹೋಗುತ್ತದೆ.

ಈ ಸೀಮೆಯ ಊಟದ ಕಥೆಗಳಲ್ಲಿ ದೇಶಕ್ಕೆಲ್ಲ ಗೊತ್ತಾದದ್ದು ಒಂದು ಚಮಚ ತುಪ್ಪದ್ದು. ಗದಗಿನಲ್ಲಿ ಬೆಳೆದ ಗಾಯಕ ಭೀಮಸೇನ ಜೋಶಿ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ರೈಲು ಹತ್ತಿದರು. ಊಟದಲ್ಲಿ ತಾಯಿ ತುಪ್ಪ ಬಡಿಸಲಿಲ್ಲವೆಂಬ ಸಿಟ್ಟು ಅದಕ್ಕೆ ನೆಪವಾಯಿತೆಂದು ಹೇಳುತ್ತಾರೆ.

ಸಾಮೂಹಿಕ ಊಟದ ಪರಂಪರೆ ಬೆಳೆದದ್ದು ಮಠಗಳಲ್ಲಿ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ಬಳಿಕ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಸಂಗೀತದ ಜತೆ ಅನ್ನವನ್ನೂ ಇಟ್ಟರು. ಶಿರಹಟ್ಟಿಯ ಫಕೀರೇಶ್ವರ ಮಠ ಹಿಂದೂ-ಮುಸ್ಲಿಮರಿಬ್ಬರಿಗೂ ಸೇರಿದ್ದು. ಎಲ್ಲಕ್ಕಿಂತ ಮಿಗಿಲು ಡಂಬಳದ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆ. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಇದಕ್ಕೆ ಒತ್ತಾಸೆಯಾಗಿ ನಿಂತರು. ಸುತ್ತಲಿನ ಎಲ್ಲ ಜಾತಿ-ಧರ್ಮಗಳ ಹೆಣ್ಣುಮಕ್ಕಳು ಬಡಿದ ಖಡಕ್ ರೊಟ್ಟಿ ಒಂದೆಡೆ ರಾಶಿ ಬೀಳುತ್ತದೆ. ಅಗಸಿ, ಹಸಿಮೆಣಸಿನಕಾಯಿ, ಕಾಯಿಪಲ್ಲೆ ಸೇರಿಸಿ ಹುದುಗಿಸಿದ ಕರಿಂಡಿ ಅದಕ್ಕೆ ಜತೆ. ಯಾರ ಮನೆಯ ರೊಟ್ಟಿ ಯಾರ ಕೈಗೆ ಬಂತೆಂದು ಪತ್ತೆ ಹಚ್ಚಲು ಸಾಧ್ಯವಿಲ್ಲ. ಜಾತ್ರೆಯ ಆಶಯವೂ ಅದೇ.

ರೊಟ್ಟಿ ಬಡಿಯುವುದನ್ನು ಇಲ್ಲಿ ಯಾವ ತರಗತಿಯೂ ಕಲಿಸಲಿಲ್ಲ. ಬಿಸಿನೀರಿಗೆ ಹಿಟ್ಟು ಕಲಸಿ, ಜಿಗಿ ಬರುವಂತೆ ನಾದಿ, ಹರಿಯದಂತೆ ತೆಳ್ಳಗೆ ಬಡಿದು, ಹಂಚಿಗೆ ಹಾಕಿ ಮೇಲೆ ನೀರು ಸವರುವ ವಿದ್ಯೆ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಂತು. ಸಾವಜಿ ಮಸಾಲೆಯ ಅಳತೆ ಮನೆತನದೊಳಗೇ ಉಳಿಯಿತು. ಈಗ ಖಡಕ್ ರೊಟ್ಟಿ ಕಟ್ಟು ಕಟ್ಟಾಗಿ ಬೆಂಗಳೂರು, ಪುಣೆಗಳಿಗೆ ಹೋಗುತ್ತದೆ, ಬಡಿಯುವ ಕೆಲಸವನ್ನು ಹಲವೆಡೆ ಯಂತ್ರ ಮಾಡುತ್ತದೆ. ಈ ಸೀಮೆಯ ಅಡುಗೆ ಕಲಿಯಬೇಕೆಂದು ಬರುವವರು ಗದಗಿನ ಹೋಟೆಲುಗಳಲ್ಲಿ ನಿಲ್ಲದೆ ಬೆಟಗೇರಿಯ ಖಾನಾವಳಿಗೂ ಡಂಬಳದ ಜಾತ್ರೆಗೂ ಹೋಗಲಿ. ಕೈಯಿಂದ ಬಡಿದ ರೊಟ್ಟಿ ಅಲ್ಲಿ ಇನ್ನೂ ಸಿಗುತ್ತದೆ.