ಏಳನೇ ದಿನ ಮಾಯವಾದ ಗೆಲುವು

ಹೆಲ್ತ್ ಚೆಕಪ್ ರಿಪೋರ್ಟ್ ಕೈಗೆ ಬಂದ ತಕ್ಷಣ ನಮ್ಮಲ್ಲಿ ಅನೇಕರ ಕಣ್ಣು ಹೋಗೋದು ಕೊಲೆಸ್ಟರಾಲ್ ಸಾಲಿಗೆ. ಅಂಕಿ ಜಾಸ್ತಿ ಇದ್ರೆ ಅವತ್ತಿನ ಬೆಣ್ಣೆ ದೋಸೆ ಕ್ಯಾನ್ಸಲ್. ಆದರೆ ಇದೇ ಕೊಲೆಸ್ಟರಾಲ್‌ಗೆ ಪುಟ್ಟದೊಂದು ಬಾಲ ಅಂಟಿಸಿ, ಅದರ ಮೇಲೆ ಜೀನ್ ಹೊರಿಸಿ, ರೋಗಿಗಳ ಮೂಗಿನೊಳಗೆ ಕಳಿಸಿದ ಕಥೆಯೊಂದಿದೆ.

ಸಿಸ್ಟಿಕ್ ಫೈಬ್ರೋಸಿಸ್ ಹುಟ್ಟಿನಿಂದಲೇ ಬರುವ ಕಾಯಿಲೆ. ಶ್ವಾಸಕೋಶದಲ್ಲಿ ಕಫ ಅಂಟಿನಂತೆ ಗಟ್ಟಿಯಾಗಿ, ಸೋಂಕಿನ ಮೇಲೆ ಸೋಂಕು. 1989ರಲ್ಲಿ ಇದಕ್ಕೆ ಕಾರಣವಾದ ಜೀನ್ ಪತ್ತೆಯಾಯ್ತು. ಕೆಟ್ಟಿದ್ದು ಯಾವುದು ಅಂತ ಗೊತ್ತಾಯ್ತಲ್ಲ, ಸರಿಯಾದದ್ದನ್ನ ಒಳಗೆ ಕಳಿಸಿದ್ರೆ ಮುಗೀತು ಅಂತ ಎಲ್ಲರಿಗೂ ಅನ್ನಿಸಿತು.

ಕಳಿಸೋದು ಹೇಗೆ? ಡಿಎನ್‌ಎ ಮೈತುಂಬ ಋಣ ವಿದ್ಯುದಂಶ. ಜೀವಕೋಶದ ಹೊರಮೈಯಲ್ಲೂ ಅದೇ. ಒಂದನ್ನೊಂದು ದೂರ ತಳ್ಳುತ್ತವೆ. ವೈರಸ್ಸಿನ ಬೆನ್ನೇರಿಸಿ ಕಳಿಸಬಹುದಿತ್ತು, ಅದರಲ್ಲಿ ಅಪಾಯವೂ ಇತ್ತು. (1999ರಲ್ಲಿ ಅಮೆರಿಕದ 18 ವರ್ಷದ ಜೆಸ್ಸಿ ಗೆಲ್ಸಿಂಗರ್ ಬೇರೊಂದು ಕಾಯಿಲೆಗೆ ಅಂಥದ್ದೇ ಪ್ರಯೋಗದಲ್ಲಿ ತೀರಿಕೊಂಡ.) ಇನ್ನೊಂದು ದಾರಿ, ಧನ ವಿದ್ಯುದಂಶವಿರುವ ಕೊಬ್ಬಿನಲ್ಲಿ ಡಿಎನ್‌ಎಯನ್ನು ಸುತ್ತೋದು. 1987ರಲ್ಲಿ ಫೆಲ್ಗ್ನರ್ ತಂಡ ಇದನ್ನು ಮಾಡಿ ತೋರಿಸಿತ್ತು. ಆದರೆ ಅವರ ಕೊಬ್ಬು ಜೀವಕೋಶಗಳಿಗೆ ತುಸು ವಿಷವೂ ಆಗುತ್ತಿತ್ತು.

1991ರಲ್ಲಿ ಗಾವೊ ಮತ್ತು ಲೀಫ್ ಹುವಾಂಗ್ ಕೊಲೆಸ್ಟರಾಲನ್ನು ಕೈಗೆತ್ತಿಕೊಂಡರು. ಅದು ಜೀವಕೋಶದ ಪೊರೆಯಲ್ಲಿ ಮೊದಲಿಂದ ಇರೋದೇ, ಮನೆಯವನಿದ್ದಂಗೆ. ಅದಕ್ಕೆ ಧನ ವಿದ್ಯುದಂಶ ಹೊರಬಲ್ಲ ಒಂದು ಅಮೈನ್ ಗುಂಪು ಸೇರಿಸಿದರು. ಹೆಸರು ಡಿಸಿ-ಕೊಲೆಸ್ಟರಾಲ್. ತಯಾರಿಸೋದು ಸುಲಭ, ವಿಷವೂ ಕಡಿಮೆ. 1993ರಲ್ಲೇ ಮಿಶಿಗನ್‌ನಲ್ಲಿ 5 ಮಂದಿ ಚರ್ಮದ ಕ್ಯಾನ್ಸರ್ ರೋಗಿಗಳ ಗಡ್ಡೆಗೆ ಇದರ ಮೂಲಕ ಜೀನ್ ಸೇರಿಸಿದರು.

ಆಮೇಲೆ ಲಂಡನ್. 1995ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಇರುವ 15 ಮಂದಿ. 9 ಜನರ ಮೂಗಿಗೆ ಅಸಲಿ ಜೀನ್, 6 ಜನರಿಗೆ ಬರೀ ಖಾಲಿ ಮದ್ದು. ಯಾರಿಗೆ ಯಾವುದು ಅಂತ ಅವರಿಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ. ಮೂರನೇ ದಿನದ ಹೊತ್ತಿಗೆ ಜೀನ್ ಪಡೆದವರಲ್ಲಿ ಕ್ಲೋರೈಡ್ ಚಲನೆಯ ಕೊರತೆ ಸುಮಾರು 20%ರಷ್ಟು ತುಂಬಿತ್ತು. ಏಳನೇ ದಿನ ನೋಡಿದರೆ ಎಲ್ಲ ಮೊದಲಿನ ಹಾಗೇ.

ಆ ಜಾಗದಲ್ಲಿ ನಾವಿದ್ದಿದ್ರೆ ಪ್ರಾಜೆಕ್ಟ್ ಕ್ಲೋಸ್ ಮಾಡ್ತಿದ್ವೇನೋ. ಬ್ರಿಟನ್ನಿನ ಸಂಶೋಧಕರು ಬಿಡಲಿಲ್ಲ. ಕೊಲೆಸ್ಟರಾಲ್‌ನಿಂದಲೇ ಮಾಡಿದ ಇನ್ನೊಂದು ವಾಹಕ, ಜಿಎಲ್67, ಬಂತು. ಈ ಸಲ ಮೂಗಲ್ಲ, ತಿಂಗಳಿಗೊಮ್ಮೆ ನೆಬ್ಯುಲೈಸರ್‌ನಿಂದ ಶ್ವಾಸಕೋಶಕ್ಕೆ, ಒಂದು ವರ್ಷ ಪೂರ್ತಿ. 2015ರಲ್ಲಿ ಫಲಿತಾಂಶ ಬಂದಾಗ ಖಾಲಿ ಮದ್ದು ಪಡೆದವರ ಉಸಿರಿನ ಶಕ್ತಿ ಕುಗ್ಗಿತ್ತು, ಜೀನ್ ಪಡೆದವರದ್ದು ಹೆಚ್ಚುಕಮ್ಮಿ ನಿಂತಲ್ಲೇ ನಿಂತಿತ್ತು. ವ್ಯತ್ಯಾಸ 3.7%. ಇಪ್ಪತ್ತು ವರ್ಷದ ದುಡಿಮೆಗೆ ಸಿಕ್ಕಿದ್ದು ಅಷ್ಟು.

2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೂರು ಮದ್ದುಗಳ ಮಾತ್ರೆ ಬಹಳ ರೋಗಿಗಳ ಬದುಕನ್ನೇ ಬದಲಿಸಿತು. ಆದರೆ ಅದು ಕೆಟ್ಟ ಪ್ರೋಟೀನನ್ನು ರಿಪೇರಿ ಮಾಡುವ ಮಾತ್ರೆ. ಪ್ರೋಟೀನೇ ತಯಾರಾಗದ ದೇಹದಲ್ಲಿ ಅದಕ್ಕೆ ಕೆಲಸವಿಲ್ಲ. ಅಂಥ ರೋಗಿಗಳಿಗೆ ಈಗಲೂ ಜೀನೋ ಆರ್‌ಎನ್‌ಎಯೋ ಒಳಗೆ ಹೋಗಲೇಬೇಕು. ಹಾಗಾಗಿ 1991ರ ಪ್ರಶ್ನೆ ಇನ್ನೂ ಮುಗಿದಿಲ್ಲ.

ಕೊಬ್ಬಿನಲ್ಲಿ ಸುತ್ತಿ ಕಳಿಸುವ ವಿದ್ಯೆ ಮಾತ್ರ ಮುಂದುವರಿಯಿತು. ವಿದೇಶದಲ್ಲಿರೋ ನಿಮ್ಮ ಅಕ್ಕನೋ ಗೆಳೆಯನೋ ಕೋವಿಡ್ ಸಮಯದಲ್ಲಿ ಫೈಜರ್ ಅಥವಾ ಮಾಡರ್ನಾ ಲಸಿಕೆ ಹಾಕಿಸಿಕೊಂಡಿದ್ದರೆ, ಆ ಎಂಆರ್‌ಎನ್‌ಎಯನ್ನು ಸುತ್ತಿದ್ದ ನಾಲ್ಕು ಬಗೆಯ ಕೊಬ್ಬುಗಳಲ್ಲಿ ಒಂದು ಕೊಲೆಸ್ಟರಾಲ್. ಬಾಲಗೀಲ ಏನಿಲ್ಲ, ನಮ್ಮ ರಿಪೋರ್ಟಿನಲ್ಲಿ ಇರೋದೇ.