ಕ್ರೈಮ್ ಕಾಮಿಕ್ಸ್‌ಗೆ ಬಿದ್ದ ಕತ್ತರಿ

ಗಣಿತದ ಪುಸ್ತಕದೊಳಗೆ ಇಂದ್ರಜಾಲ ಕಾಮಿಕ್ಸ್ ಇಟ್ಟುಕೊಂಡು ಓದಿ, ಅಪ್ಪನ ಕೈಲಿ ಬೈಸಿಕೊಂಡವನು ನಾನು. "ಇದನ್ನೆಲ್ಲ ಓದಿದ್ರೆ ಹಾಳಾಗಿ ಹೋಗ್ತೀಯ" ಅನ್ನುತ್ತಿದ್ದರು. ಇದೇ ಮಾತನ್ನು ಅಮೆರಿಕದಲ್ಲಿ ಸೆನೆಟ್ಟೇ ವಿಚಾರಣೆಗೆ ಎತ್ತಿಕೊಂಡಿತ್ತು ಅಂತ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ.

1942ರಲ್ಲಿ ಚಾರ್ಲ್ಸ್ ಬೀರೋ ಮತ್ತು ಬಾಬ್ ವುಡ್ ಎಂಬಿಬ್ಬರು 'ಕ್ರೈಮ್ ಡಸ್ ನಾಟ್ ಪೇ' ಶುರುಮಾಡಿದರು. ಇದರಲ್ಲಿ ಹಾರಾಡುವ ಸೂಪರ್‌ಹೀರೋಗಳಿಲ್ಲ. ಇರುವುದು ಶಹರದ ಗಲ್ಲಿ, ದರೋಡೆ, ಗುಂಡಿನ ಸದ್ದು, ನಿಜವಾದ ಗ್ಯಾಂಗ್‌ಸ್ಟರ್‌ಗಳ ಕತೆ. ಕಡೇ ಪುಟದಲ್ಲಿ ಖಳನಿಗೆ ಶಿಕ್ಷೆ, ಅಲ್ಲಿಯವರೆಗೂ ಅವನದ್ದೇ ದರ್ಬಾರು! ಯುದ್ಧ ಮುಗಿದ ಮೇಲೆ ಉಳಿದ ಪ್ರಕಾಶಕರೂ ಇದೇ ದಾರಿ ಹಿಡಿದರು.

1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಪುಸ್ತಕ ಬರೆದು, ಮಕ್ಕಳು ಅಪರಾಧಕ್ಕಿಳಿಯಲು ಕಾಮಿಕ್ಸೂ ಕಾರಣ ಎಂದರು. ಅದೇ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿ ಸೆನೆಟ್ ಉಪಸಮಿತಿಯ ವಿಚಾರಣೆ. ಸೆನೆಟರ್ ಕೆಫಾವರ್ ಒಂದು ಮುಖಪುಟ ತೋರಿಸಿದರು: ಗಂಡಸಿನ ಒಂದು ಕೈಯಲ್ಲಿ ಕೊಡಲಿ, ಇನ್ನೊಂದರಲ್ಲಿ ಹೆಂಗಸಿನ ತಲೆ. ಇದು ಸದಭಿರುಚಿಯೇ? ಇ.ಸಿ. ಕಾಮಿಕ್ಸ್‌ನ ವಿಲಿಯಂ ಗೇನ್ಸ್, ಭಯಾನಕ ಕಾಮಿಕ್ಸ್‌ನ ಮುಖಪುಟಕ್ಕೆ ಹೌದು ಎಂದುಬಿಟ್ಟರು. ಮರುದಿನದ ಪತ್ರಿಕೆಗಳಿಗೆ ಬೇರೇನು ಬೇಕು?

ಸರ್ಕಾರ ಕಾನೂನು ಮಾಡುವ ಮೊದಲೇ ಪ್ರಕಾಶಕರು ತಾವೇ 'ಕಾಮಿಕ್ಸ್ ಕೋಡ್' ಮಾಡಿಕೊಂಡರು. ಮುಖಪುಟದಲ್ಲಿ 'ಕ್ರೈಮ್' ಪದ ಒಂಟಿಯಾಗಿ ಬರಕೂಡದು. ಎಲ್ಲ ಕತೆಯಲ್ಲೂ ಒಳ್ಳೆಯದೇ ಗೆಲ್ಲಬೇಕು. ಪೊಲೀಸರು, ನ್ಯಾಯಾಧೀಶರ ಮೇಲೆ ಅಗೌರವ ಹುಟ್ಟುವಂತೆ ಬರೆಯಕೂಡದು.

ನನ್ನ ತಕರಾರು ಇರುವುದು ಈ ಕಡೇ ನಿಯಮದ ಮೇಲೆ. ಆ ಕೊಡಲಿಯ ಚಿತ್ರ ಮಕ್ಕಳ ಕೈಗೆ ಸಿಗದಿದ್ದರೆ ನಷ್ಟವೇನಿಲ್ಲ ಬಿಡಿ. ಆದರೆ ಇದೇ ಇ.ಸಿ. 1952ರಲ್ಲಿ 'ದ ಗಿಲ್ಟಿ' ಎಂಬ ಕತೆ ಪ್ರಕಟಿಸಿತ್ತು. ಅದರಲ್ಲಿ ಕೊಲೆ ಆರೋಪ ಹೊತ್ತ ಕರಿಯನೊಬ್ಬನನ್ನು ವಿಚಾರಣೆಗೂ ಮೊದಲೇ ಷೆರೀಫನೇ ಕೊಲ್ಲುತ್ತಾನೆ. ಅವನು ನಿರಪರಾಧಿ ಅಂತ ತಿಳಿಯುವುದು ಆಮೇಲೆ. ಕೋಡ್ ಬಂದ ಮೇಲೆ ಇಂಥ ಕತೆಗೆ ಮುದ್ರೆ ಸಿಗುತ್ತಿರಲಿಲ್ಲ. ರಕ್ತದ ಜೊತೆ ಪ್ರಶ್ನೆಯನ್ನೂ ಒರೆಸಿಹಾಕಿದರು.

2011ರಲ್ಲಿ ಕಾಮಿಕ್ಸ್ ಕೋಡ್ ಸದ್ದಿಲ್ಲದೆ ಮುಗಿಯಿತು. 2012ರಲ್ಲಿ ಸಂಶೋಧಕಿ ಕ್ಯಾರಲ್ ಟಿಲ್ಲಿ, ವರ್ಥಮ್ ಮಕ್ಕಳ ಹೇಳಿಕೆಗಳನ್ನೇ ತಿದ್ದಿದ್ದರೆಂದು ಅವರದೇ ಕಾಗದಪತ್ರಗಳಿಂದ ತೋರಿಸಿದರು.

ಈಗ ನನ್ನ ಮಗ ಮೊಬೈಲ್ ಹಿಡಿದು ಕೂತರೆ ಅಪ್ಪನ ಅದೇ ಮಾತು ನನ್ನ ಬಾಯಿಗೂ ಬರುತ್ತದೆ. ತಡೆದುಕೊಂಡು, "ಏನೋ ಓದ್ತಿದೀಯ, ನನಗೂ ತೋರ್ಸು" ಅನ್ನುತ್ತೇನೆ. ನೀವೇನು ಮಾಡ್ತೀರಿ?